ಹತ್ತು ಮೂವತ್ತೊಂದರ ಪಟ್ಟಿ

"ಮೂವತ್ತೆರಡು? ಇನ್ನೊಂದು ಸಲ ನೋಡು," ಎಂದಳು ಅಳತೆಯಮ್ಮ.

"ಮೂವತ್ತೆರಡೇ ಮೇಡಂ." ಶಿಷ್ಯೆ ಕಾಗದವನ್ನು ಅವಳತ್ತ ತಿರುಗಿಸಿದಳು.

"ನನ್ನ ಪಟ್ಟಿ?"

"ನಿಮ್ಮದೇ. ನಿಮ್ಮ ರುಜು ಇರೋ ಕೊನೇ ಪಟ್ಟಿ."

ಅಳತೆಯಮ್ಮ ಕುರ್ಚಿ ಎಳೆದುಕೊಂಡು ಕೂತಳು.

ಆರು ವಾರದ ಹಿಂದೆ ಒಂದು ಬೆಳಿಗ್ಗೆ, ಆಂಬುಲೆನ್ಸ್ ಕರೆಯುವ ವೆಬ್ ಪುಟ ಇಪ್ಪತ್ತಾರು ನಿಮಿಷ ಉಸಿರಾಡಲಿಲ್ಲ. ಆ ಇಪ್ಪತ್ತಾರು ನಿಮಿಷದಲ್ಲಿ ಒಬ್ಬ ದರ್ಜಿಯ ಹೆಂಡತಿ ಸತ್ತಳು. ಆಗ ಯಂತ್ರದ ಮುಂದೆ ಕೂತಿದ್ದ ಆಪರೇಟರ್ ಅಳತೆಯಮ್ಮನ ಸ್ವಂತ ತಮ್ಮ. ನಿದ್ದೆ ಮಾಡಿದ, ಎಚ್ಚರಿಕೆಯ ಗಂಟೆ ಬಡಿದರೂ ಏಳಲಿಲ್ಲ ಎಂದು ವರದಿ ತಯಾರಾಗಿತ್ತು. ಇವತ್ತು ಸಂಜೆ ನಾಲ್ಕಕ್ಕೆ ವಿಚಾರಣೆಯ ನ್ಯಾಯಾಧೀಶರು ಅದಕ್ಕೆ ರುಜು ಹಾಕುವವರಿದ್ದರು. ಅಲ್ಲಿಯತನಕ ದಾಖಲೆ ನೋಡಿಕೊಳ್ಳಿ ಎಂದು ಅವರು ಆರೋಪಿಯ ಕಡೆಯವರಿಗೆ ಅನುಮತಿ ಕೊಟ್ಟಿದ್ದರು. ಆರೋಪಿಯ ಕಡೆಯವರು ಎಂದರೆ ಈ ಒಬ್ಬ ಅಕ್ಕ.

ಮೇಜಿನ ಉದ್ದಕ್ಕೂ ಹರಡಿದ್ದ ಕಾಗದ ಕಚೇರಿಯ ದೊಡ್ಡ ಕಂಪ್ಯೂಟರಿನ, ಅಂದರೆ ಮೇನ್‌ಫ್ರೇಮಿನ, ಆ ದಿನದ ದಿನಚರಿ. ಯಂತ್ರ ತನ್ನ ಬಗ್ಗೆ ತಾನೇ ಬರೆದುಕೊಳ್ಳುತ್ತದೆ. ಎಷ್ಟು ದುಡಿದೆ, ಯಾರಿಗೆ ದುಡಿದೆ, ಯಾವ ಪಟ್ಟಿಯ ಪ್ರಕಾರ ದುಡಿದೆ. ಮನುಷ್ಯರ ದಿನಚರಿಯ ಹಾಗಲ್ಲ, ಇದರಲ್ಲಿ ಜಂಬವೂ ಇಲ್ಲ, ಗೋಳೂ ಇಲ್ಲ. ಹತ್ತೂವರೆಯ ಸಾಲಿನಲ್ಲಿ ಪಟ್ಟಿ ಮೂವತ್ತಾರು ಎಂದಿತ್ತು. ಹತ್ತು ಮೂವತ್ತೊಂದಕ್ಕೆ ಮೂವತ್ತೆರಡು. ಹತ್ತು ಐವತ್ತೇಳಕ್ಕೆ ಮತ್ತೆ ಮೂವತ್ತಾರು.

ಇಪ್ಪತ್ತಾರು ನಿಮಿಷ. ಕಳೆದು ನೋಡಲು ಬೆರಳೂ ಬೇಕಾಗಲಿಲ್ಲ.

"ಇದು ವರದಿಯಲ್ಲಿ ಯಾಕಿಲ್ಲ?"

ಶಿಷ್ಯೆ ಹರಡಿದ್ದ ಹಾಳೆಗಳನ್ನು ಜೋಡಿಸತೊಡಗಿದಳು. ಎರಡು ವರ್ಷದ ಹಿಂದೆ ಅಳತೆಯಮ್ಮ ನಿವೃತ್ತಳಾದಾಗ ಅವಳ ಕುರ್ಚಿಗೆ ಬಂದವಳು ಈ ಹುಡುಗಿ. ಹುಡುಗಿ ಎಂದರೆ ನಲವತ್ತು ದಾಟಿದೆ. ಆದರೆ ಕೈಹಿಡಿದು ಕಲಿಸಿದವರಿಗೆ ಎಲ್ಲರೂ ಹುಡುಗಿಯರೇ.

"ಕೇಳಿದ್ದು ಕೇಳಿಸ್ಲಿಲ್ವಾ? ವರದಿ ಬರೆದವಳು ನೀನು. ಪಟ್ಟಿ ಬದಲಾಗಿದ್ದು ಯಾಕೆ ಬರೀಲಿಲ್ಲ?"

"ಬರೆದಿದ್ರೆ, ಹಳೇ ಪಟ್ಟಿ ಯಂತ್ರದಲ್ಲಿ ಇನ್ನೂ ಯಾಕಿತ್ತು ಅಂತ ಕೇಳೋರು." ಶಿಷ್ಯೆ ಕಾಗದದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅಳಿಸೋದು ನನ್ನ ಕೆಲಸ. ಬೇರೆಯವೆಲ್ಲ ಅಳಿಸಿದೆ ಮೇಡಂ. ನಿಮ್ಮದನ್ನ ಅಳಿಸೋಕೆ ಕೈ ಬರಲಿಲ್ಲ."

ಅಳತೆಯಮ್ಮನಿಗೆ ಕಪಾಳಕ್ಕೆ ಬಿಡೋಣ ಎನ್ನಿಸಿತು. ತಬ್ಬಿಕೊಳ್ಳೋಣ ಎಂದೂ ಎನ್ನಿಸಿತು. ಎರಡನ್ನೂ ಬಿಟ್ಟು ಅವಳು ಕಾಗದಕ್ಕೆ ಮರಳಿದಳು.

ಈ ಪಟ್ಟಿಯ ಕಥೆ ಇಷ್ಟೇ. ಐದು ವರ್ಷದ ಹಿಂದೆ ಊರಿನ ಆಡಳಿತದ ಮುನ್ನೂರು ಸಣ್ಣ ಸರ್ವರುಗಳನ್ನು ನಿಲ್ಲಿಸಿ, ಅವುಗಳ ಮೇಲಿದ್ದ ವೆಬ್ ಪುಟಗಳನ್ನೆಲ್ಲ ತಂದು ಈ ಒಂದೇ ಮೇನ್‌ಫ್ರೇಮಿನ ಹೆಗಲಿಗೆ ಹೇರಿದರು. ನೀರಿನ ದೂರು, ವಾಹನ ಪರವಾನಗಿ, ಆಂಬುಲೆನ್ಸ್, ಎಲ್ಲವೂ ಒಂದೇ ಸೂರಿನಡಿ. ಹೇರಿಸಿದ ಸಲಹೆಗಾರರು ಬೇರೆ ಯಾರೂ ಅಲ್ಲ, ಅಳತೆಯಮ್ಮನ ಗಂಡ. ಮುನ್ನೂರು ಯಂತ್ರ ಹತ್ತು ಪರ್ಸೆಂಟ್ ದುಡಿದು ತೊಂಬತ್ತು ಪರ್ಸೆಂಟ್ ಆಕಳಿಸುವುದಕ್ಕಿಂತ ಒಂದು ಯಂತ್ರ ನೂರಕ್ಕೆ ನೂರು ದುಡಿಯಲಿ ಎಂಬುದು ಅವರ ವಾದ. ವಾದ ತಪ್ಪೇನಲ್ಲ. ಯಂತ್ರ ಅದನ್ನು ತಾಳಿಕೊಂಡಿತು ಕೂಡ.

ಆದರೆ ನೂರಕ್ಕೆ ನೂರು ದುಡಿಯುವವನಿಗೆ ಯಾವ ಕೆಲಸ ಮೊದಲು ಎಂದು ಯಾರಾದರೂ ಹೇಳಬೇಕು. ಅದನ್ನು ಹೇಳುವುದೇ ಸರದಿ ಪಟ್ಟಿ. ಮೊದಲ ಮೆಟ್ಟಿಲಿನಲ್ಲಿ ಇಂಥ ಪುಟ, ಎರಡನೆಯದರಲ್ಲಿ ಇಂಥದ್ದು, ಹೀಗೆ ಐದು ಮೆಟ್ಟಿಲು. ಮೂವತ್ತೊಂದು ವರ್ಷ ಪ್ರತಿ ಕೆಲಸವನ್ನೂ ಸೆಕೆಂಡಿನ ಚೂರುಗಳಲ್ಲಿ ಅಳೆದು ಅಳೆದು ಪಟ್ಟಿ ಬರೆದದ್ದಕ್ಕೇ ಇವಳು ಕಚೇರಿಯ ಬಾಯಲ್ಲಿ ಅಳತೆಯಮ್ಮ ಆದದ್ದು.

"ಮೂವತ್ತೆರಡರಲ್ಲಿ ಆಂಬುಲೆನ್ಸ್ ಮೊದಲ ಮೆಟ್ಟಿಲಲ್ಲೇ ಇತ್ತು. ನಾನೇ ಇಟ್ಟಿದ್ದೆ. ಮತ್ತೆ ಹೇಗೆ ಸತ್ತೋಯ್ತು?"

"ಹಳೇ ವಿಳಾಸ ಇತ್ತು ಮೇಡಂ. ನಾಲ್ಕು ತಿಂಗಳ ಹಿಂದೆ ವೆಬ್ಬಿನವರು ಆ ಪುಟ ಪೂರ್ತಿ ಹೊಸದು ಮಾಡಿ, ಹೊಸ ವಿಳಾಸ ಕೊಟ್ರು. ನಾನು ಅವತ್ತೇ ಹೊಸ ಪಟ್ಟಿಗೆ ಸೇರಿಸಿದೆ. ನಿಮ್ಮ ಪಟ್ಟಿಗೆ ಆ ವಿಳಾಸವೇ ಗೊತ್ತಿಲ್ಲ."

"ಪಟ್ಟಿಯಲ್ಲಿ ಇಲ್ಲದ ಪುಟಕ್ಕೆ..."

"ಉಳಿದಿದ್ದು. ನೀವೇ ಕಲಿಸಿದ್ದು. ಮಿಕ್ಕೋರೆಲ್ಲ ಮುಗಿಸಿದ ಮೇಲೆ ಏನುಳಿಯುತ್ತೋ ಅದು."

ಉಳಿದ ದಿನಗಳಲ್ಲಿ ಅದೇನೂ ಕಷ್ಟವಲ್ಲ. ಸಾಲಿನಲ್ಲಿ ಜನರೇ ಇಲ್ಲದಾಗ ಕೊನೆಯವನೂ ಮೊದಲನೆಯವನೇ. ಆದರೆ ಅವತ್ತು ಪ್ರದರ್ಶನವಿತ್ತು. ಹೊರಗಿನ ಅತಿಥಿಗಳು ಬಂದಿದ್ದರು. ಪರವಾನಗಿಯ ಪುಟಕ್ಕೆ ಐದು ಸಾವಿರ ಹುಸಿ ಬಳಕೆದಾರರನ್ನು ನುಗ್ಗಿಸಿ, ಯಂತ್ರ ನೂರಕ್ಕೆ ನೂರು ತುಂಬಿದರೂ ಪುಟ ಒಂದೇ ಸೆಕೆಂಡಿನಲ್ಲಿ ತೆರೆಯುತ್ತದೆ ಎಂದು ಪರದೆಯ ಮೇಲೆ ತೋರಿಸುವ ಜಾತ್ರೆ ಅದು. ಏನೂ ಉಳಿದಿರಲಿಲ್ಲ.

"ಬದಲಾಯಿಸಿದ್ದು ಯಾವ ಕನ್ಸೋಲಿಂದ?"

ಶಿಷ್ಯೆ ಕಾಗದದ ಮೇಲೆ ಬೆರಳಿಟ್ಟಳು. "ಒಂದನೇದು."

ಒಂದನೆಯ ಕನ್ಸೋಲ್, ಯಂತ್ರಕ್ಕೆ ಆಜ್ಞೆ ಕೊಡುವ ಮೊದಲ ಮೇಜು, ತಮ್ಮನ ಜಾಗ. ಎರಡೂ ಸಲ ಅವನದೇ ಗುರುತಿನ ಸಂಖ್ಯೆ, ಅವನದೇ ಗುಪ್ತಪದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಮ್ಮ ನಿದ್ದೆ ಮಾಡಲಿಲ್ಲ ಎಂದು ತೋರಿಸಲು ಬಂದಿದ್ದಳು, ತೋರಿಸಿಯೂ ಬಿಟ್ಟಳು. ಅವನು ಕಣ್ಣು ಬಿಟ್ಟುಕೊಂಡೇ ಇದ್ದ, ಕೈಯಾರೆ ಮಾಡಿದ. ನಿದ್ದೆ ಎಂದರೆ ಎರಡು ವರ್ಷ ಜೈಲು ಎಂದಿದ್ದರು ವಕೀಲರು. ಗೊತ್ತಿದ್ದೂ ಮಾಡಿದ ಎಂದರೆ ಹತ್ತು.

"ಈ ಕಾಗದ ನಾನು ತಗೊಂಡು ಹೋಗ್ತೀನಿ."

"ಹರಿದು ಹಾಕಿ ಮೇಡಂ," ಎಂದಳು ಶಿಷ್ಯೆ ಮೆಲ್ಲಗೆ. "ನಾನು ನೋಡಿಲ್ಲ ಅಂತೀನಿ."

"ಯಂತ್ರ ನೋಡಿದೆಯಲ್ಲ," ಎಂದು ಅಳತೆಯಮ್ಮ ಎದ್ದಳು.

ಗೇಟಿನ ಹೊರಗೆ ಮೆಟ್ಟಿಲ ಮೇಲೆ ದರ್ಜಿ ಕೂತಿದ್ದ. ಆರು ವಾರದಿಂದ ಮಧ್ಯಾಹ್ನದ ಹೊತ್ತು ಅಂಗಡಿ ಮುಚ್ಚಿ ಬಂದು ಅಲ್ಲೇ ಕೂರುತ್ತಾನೆ. ಕೊರಳಿನ ಟೇಪು ತೆಗೆಯುವುದನ್ನೂ ಮರೆತಿರುತ್ತಾನೆ. ಗಲಾಟೆಯಿಲ್ಲ, ಘೋಷಣೆಯಿಲ್ಲ. ಒಳಗೆ ಹೋಗುವವರು, ಹೊರಗೆ ಬರುವವರು, ಯಾರು ಸಿಕ್ಕರೂ ಒಂದೇ ಪ್ರಶ್ನೆ.

"ಅಮ್ಮಾ, ಆ ಇಪ್ಪತ್ತಾರು ನಿಮಿಷ ನಿಮ್ಮ ಮಷೀನು ಏನು ಮಾಡ್ತಿತ್ತು?"

ಅಳತೆಯಮ್ಮ ನಿಂತಳು. ಬೇರೆ ದಿನವಾಗಿದ್ದರೆ ಗೊತ್ತಿಲ್ಲಪ್ಪ ಎಂದು ಹೋಗಬಹುದಿತ್ತು. ಇವತ್ತು ಗೊತ್ತಿತ್ತು.

"ನಾನು ಗುಂಡಿ ಒತ್ತಿದೆ," ಎಂದ ಅವನು, ಅವಳು ಕೇಳದೆಯೇ. "ಚಕ್ರ ತಿರುಗ್ತಾನೇ ಇತ್ತು. ಆಂಬುಲೆನ್ಸಿನವರಿಗೆ ಫೋನೂ ಮಾಡಿದೆ. ಅಲ್ಲಿರೋ ಹೆಣ್ಮಗಳು, ನಮ್ಮ ಪರದೇಲೂ ಚಕ್ರ ತಿರುಗ್ತಿದೆ ಅಣ್ಣ, ಗಾಡಿ ಎಲ್ಲಿದೆ ಅಂತಾನೇ ಕಾಣಿಸ್ತಿಲ್ಲ ಅಂದ್ಳು. ಪಾಪ, ಅವಳೂ ಅಳ್ತಿದ್ಳು. ಮಷೀನು ಕೆಟ್ಟಿತ್ತು ಅಂದ್ರೆ ಕೆಟ್ಟಿತ್ತು ಅನ್ನಿ. ಒಪ್ಕೋತೀನಿ."

"ಕೆಟ್ಟಿರಲಿಲ್ಲ."

"ಮತ್ತೆ?"

"ದುಡೀತಿತ್ತು," ಎಂದಳು ಅಳತೆಯಮ್ಮ. "ಯಾರಿಗೆ ಅಂತ ಸಂಜೆ ಹೇಳ್ತೀನಿ. ಆಣೆಗೂ ಹೇಳ್ತೀನಿ."

ಹೇಳಿದ ಮೇಲೆ ಅವಳಿಗೆ ಭಯವಾಯಿತು. ಬಾಯಿಂದ ಹೋದ ಮಾತು, ಇನ್ನು ವಾಪಸ್ ಬರುವುದಿಲ್ಲ.

ತಮ್ಮನ ಮನೆ ಮೂರನೆಯ ಮಹಡಿ, ಲಿಫ್ಟಿಲ್ಲ. ಎರಡನೆಯ ಮಹಡಿಯಲ್ಲಿ ಮಂಡಿ ಹಿಡಿದುಕೊಂಡು ನಿಂತಾಗ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದದ್ದು ಕಂಡಿತು. ನಿದ್ದೆಬಡಕ. ಪಕ್ಕದಲ್ಲಿ ಬಾಣದ ಗುರುತು, ಮೇಲಕ್ಕೆ. ಒದ್ದೆ ಬಟ್ಟೆಯಿಂದ ಉಜ್ಜಿದ್ದರು, ಪೂರ್ತಿ ಹೋಗಿರಲಿಲ್ಲ.

ಬಾಗಿಲು ತೆರೆದವಳು ತಮ್ಮನ ಹೆಂಡತಿ, ಕೈಯಲ್ಲಿ ಕೆಂಪು ಪೆನ್ನು. ಶಾಲೆಯಲ್ಲಿ ಗಣಿತ ಕಲಿಸುವವಳು. ಊಟದ ಮೇಜಿನ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಗುಡ್ಡೆ ಇತ್ತು.

"ಅತ್ತಿಗೆ, ಅವರು ನಿಮ್ಮನ್ನ ನೋಡಲ್ಲ ಅಂದಿದ್ದಾರೆ."

"ಗೊತ್ತು. ಆರು ವಾರದಿಂದ ಅದೇ ಅಲ್ವಾ ಹಾಡು. ಇವತ್ತು ನಾನು ಅವನನ್ನ ನೋಡೋಕೆ ಬಂದಿದ್ದೀನಿ, ಅವನು ಕಣ್ಣು ಮುಚ್ಕೊಂಡಿರಲಿ."

ತಮ್ಮ ನಡುಮನೆಯ ನೆಲದ ಮೇಲೆ ಕೂತು ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸುತ್ತಿದ್ದ. ಐವತ್ತೆರಡು ವರ್ಷದ ಆಳು, ಎಮ್ಮೆಯಂಥ ಭುಜ. ಈ ಗಾತ್ರಕ್ಕೆ ಅಕ್ಕ ಇಂದಿಗೂ ಕರೆಯುವುದು ಗುಬ್ಬಿ ಎಂದು. ಅವನು ತಲೆ ಎತ್ತಲಿಲ್ಲ.

ಅಳತೆಯಮ್ಮ ಕಾಗದವನ್ನು ಅವನ ಮುಂದೆ ನೆಲದ ಮೇಲೆ ಬಿಡಿಸಿಟ್ಟಳು.

"ಹತ್ತು ಮೂವತ್ತೊಂದು. ಒಂದನೇ ಕನ್ಸೋಲು. ನಿದ್ದೆಗಣ್ಣಲ್ಲಿ ಯಾರೂ ಮೂವತ್ತೆರಡನೇ ಪಟ್ಟಿ ಹುಡುಕಿ ಹಾಕಲ್ಲ ಗುಬ್ಬಿ."

ಅವನ ಕೈ ನಿಂತಿತು. ಮತ್ತೆ ಒರೆಸತೊಡಗಿತು.

"ಸಿಕ್ತಾ? ಸಂತೋಷ," ಎಂದ.

"ಸಂತೋಷಾನಾ? ಊರೆಲ್ಲ ನಿದ್ದೆಬಡಕ ಅಂತಿದೆ, ಮೆಟ್ಟಿಲ ಗೋಡೆ ಮೇಲೆ ಬರೆದಿದ್ದಾರೆ, ನೀನು ಸುಮ್ಮನೆ ಹೊತ್ಕೊಂಡು ಕೂತಿದ್ದೀಯ. ಯಾಕೆ ಹಾಕಿದೆ?"

"ಹಾಕಿದೆ. ಮುಗೀತು."

"ಮುಗೀಲಿಲ್ಲ. ನಾಲ್ಕು ಗಂಟೆಗೆ ಶುರುವಾಗುತ್ತೆ. ಇಪ್ಪತ್ತೆಂಟು ವರ್ಷ ಆ ಕನ್ಸೋಲಲ್ಲಿ ಕೂತೋನು ನೀನು. ಹೇಳದೆ ಕೇಳದೆ ಒಂದು ಗುಂಡಿ ಒತ್ತಿದೋನಲ್ಲ. ಪಟ್ಟಿ ಬದಲಾಯಿಸೋಕೆ ನಿನಗೆ ಯಾರು ಹೇಳಿದ್ರು?"

ತಮ್ಮ ಆಗ ತಲೆ ಎತ್ತಿದ. ಆರು ವಾರದಲ್ಲಿ ಕಣ್ಣ ಕೆಳಗೆ ಚೀಲ ಬಂದಿತ್ತು. ಆ ಕಣ್ಣಿನಲ್ಲಿದ್ದುದು ನಾಚಿಕೆ ಎಂದು ಅಳತೆಯಮ್ಮ ಇಷ್ಟು ದಿನ ತಿಳಿದಿದ್ದಳು. ಹತ್ತಿರದಿಂದ ನೋಡಿದರೆ ಅದು ನಾಚಿಕೆಯಾಗಿರಲಿಲ್ಲ. ಹೇಸಿಗೆಯಾಗಿತ್ತು.

"ನಾಟಕ ಸಾಕು ಅಕ್ಕ."

"ಏನೋ ಅಂದೆ?"

"ನಾಟಕ ಸಾಕು ಅಂದೆ. ಪತ್ತೇದಾರಿ ಥರ ಕಾಗದ ಹಿಡ್ಕೊಂಡು ಬಂದಿದ್ದೀಯ. ನಾನು ಬಾಯಿ ಬಿಡ್ತೀನೋ ಇಲ್ವೋ ಅಂತ ನೋಡೋಕೆ ತಾನೆ? ಬಿಡಲ್ಲ. ಹೋಗು. ನೆಮ್ಮದಿಯಾಗಿ ಮಲಕ್ಕೋ."

"ರೀ," ಎಂದಳು ಅವನ ಹೆಂಡತಿ, "ಏನು ಮಾತಾಡ್ತಿದ್ದೀರ?"

"ನೀನು ಪೇಪರ್ ತಿದ್ದು."

"ನಾನು ತಿದ್ದಲ್ಲ," ಎಂದು ಅವಳು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಅಂಗಡಿಯವನು ಮುಖ ತಿರುಗಿಸ್ತಾನೆ. ಶಾಲೆಯಲ್ಲಿ ಮಕ್ಕಳು ನನ್ನ ಕಂಡ್ರೆ ಗೊರಕೆ ಹೊಡೀತಾರೆ. ನನಗೂ ಒಂದು ಮಾತು ಹೇಳಿಲ್ಲ ನೀವು. ಇವತ್ತು ಹೇಳದಿದ್ರೆ ನಾನೂ ಆ ಮೆಟ್ಟಿಲು ಇಳಿದು ಹೋಗ್ತೀನಿ, ನೋಡ್ತಿರಿ!"

ತಮ್ಮ ಒರೆಸುವ ಬಟ್ಟೆಯನ್ನು ಮುದುರಿ ಬಕೆಟ್ಟಿಗೆ ಎಸೆದ. ನೀರು ಕಾಗದದ ಮೇಲೆ ಸಿಡಿಯಿತು.

"ಕೇಳು ಹಾಗಾದ್ರೆ. ನೀನೂ ಕೇಳು. ಅವತ್ತು ಹತ್ತೂ ಇಪ್ಪತ್ತೆಂಟಕ್ಕೆ ಮೆಸೇಜು ಬಂತು. ಈ ಮಹಾತಾಯಿ ನಂಬರಿಂದ. 'ಗುಬ್ಬಿ, ಪ್ರದರ್ಶನ ಕೆಡ್ತಿದೆ. ನನ್ನ ಮೂವತ್ತೆರಡು ಹಾಕು, ಈಗಲೇ. ಅರ್ಧ ಗಂಟೆ ಆದ್ಮೇಲೆ ತೆಗಿ. ಯಾರಿಗೂ ಹೇಳಬೇಡ.' ಬಾಯಿಪಾಠ ಆಗಿದೆ ನನಗೆ."

ಅವನ ಹೆಂಡತಿ ಅತ್ತಿಗೆಯತ್ತ ತಿರುಗಿದಳು.

"ಹಾಕಿದೆ. ಯಾಕೆ ಹಾಕ್ದೆ ಗೊತ್ತಾ? ನಮ್ಮ ಮಷೀನ್ ರೂಮಲ್ಲಿ ಅದೇ ಪದ್ಧತಿ. ಯಂತ್ರ ಮುಗ್ಗರಿಸಿದ್ರೆ ಅಕ್ಕನ ಪಟ್ಟಿ. ಅದರಲ್ಲಿ ತಪ್ಪು ಇರಲ್ಲ. ಹೊಸ ವಿಳಾಸದ ವಿಷಯ ನನ್ನ ತಲೆಗೂ ಬರಲಿಲ್ಲ. ಆಮೇಲೆ ಆಂಬುಲೆನ್ಸಿನವರು ಫೋನ್ ಮಾಡಿದ್ರು. ಮೊದಲು ನೆಟ್‌ವರ್ಕ್ ಅಂತ ನೋಡಿದೆ, ಆಮೇಲೆ ಡಿಸ್ಕು. ಹತ್ತೂ ಐವತ್ತೈದಕ್ಕೆ ಹೊಳೀತು. ಐವತ್ತೇಳಕ್ಕೆ ತೆಗೆದೆ. ಅಷ್ಟೊತ್ತಿಗೆ ಆ ಹೆಂಗಸು ಹೋಗಿದ್ಳು."

"ಮೆಸೇಜ್ ಎಲ್ಲಿ? ತೋರಿಸು."

"ಅವತ್ತೇ ಅಳಿಸಿದೆ. ನಿನ್ನ ಉಳಿಸೋಕೆ! ಇನ್ನೇನು ಮಾಡ್ಲಿ? ಅರವತ್ತೆರಡು ವರ್ಷದ ಅಕ್ಕನ್ನ ಜೈಲಿಗೆ ಕಳಿಸ್ಲಾ? ನಿದ್ದೆ ಮಾಡಿದ್ದೆ ಅಂತ ನಾನೇ ಬರೆದುಕೊಟ್ಟೆ. ಒಂದು ದಿನ ಬರ್ತೀಯ, ಗುಬ್ಬಿ, ತಪ್ಪು ನಂದು ಅಂತೀಯ ಅಂತ ಕಾದೆ. ನನಗಷ್ಟು ಸಾಕಿತ್ತು. ನೀನು ಬರ್ತಿದ್ದೆ, ಬಾಗಿಲಾಚೆ ನಿಂತ್ಕೊಂಡು 'ಯಾಕೋ ನಿದ್ದೆ ಮಾಡಿದೆ, ಯಾಕೋ' ಅಂತ ಕೇಳ್ತಿದ್ದೆ. ಎಷ್ಟು ಗಟ್ಟಿ ಎದೆ ನಿಂದು, ಅಬ್ಬಾ!"

ಆರು ವಾರ ಅಳತೆಯಮ್ಮ ಇವನಿಗಾಗಿ ಅತ್ತಿದ್ದಳು. ಆರು ವಾರ ಇವನು ಅವಳನ್ನು ಕಾಪಾಡುತ್ತ, ಅವಳನ್ನು ಶಪಿಸುತ್ತ ಕೂತಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಂದು ಬಾಗಿಲಿನ ಎರಡು ಕಡೆ.

"ನಾನು ಕಳಿಸಲಿಲ್ಲ ಗುಬ್ಬಿ."

"ಹೌದಾ? ಸರಿ."

"ನನ್ನಾಣೆಗೂ ಕಳಿಸಲಿಲ್ಲ ಕಣೋ!"

"ನಿನ್ನ ನಂಬರು. ಶುರುವಿಗೆ ಗುಬ್ಬಿ ಅಂತ ಇತ್ತು. ಆ ಹೆಸರು ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನ್ನ ಗುಬ್ಬಿ ಅನ್ನೋಕೆ ಈ ಭೂಮಿ ಮೇಲೆ ಇನ್ನು ಯಾರಿದ್ದಾರೆ? ಅಮ್ಮ ಹೋದ್ಳು. ನೀನೊಬ್ಬಳೇ."

ಅಳತೆಯಮ್ಮ ಕಣ್ಣು ಮುಚ್ಚಿಕೊಂಡಳು. ಅಳಲು ಅಲ್ಲ, ಲೆಕ್ಕ ಹಾಕಲು. ಅವಳ ರೂಢಿಯೇ ಹಾಗೆ.

"ನಾನು ನಿನಗೆ ಯಾವತ್ತಾದ್ರೂ ಕಾರಣ ಹೇಳದೆ ಮಾಡು ಅಂದಿದ್ದೀನಾ? ಎಂಟು ಗಂಟೆ ಪಾಳಿಯಲ್ಲಿ ಎಂಟು ಸಲ ಫೋನ್ ಮಾಡಿ ತಲೆ ತಿಂತಿದ್ದೋಳು ನಾನು. ಇದು ಹೀಗೆ, ಅದಕ್ಕೇ ಹಾಗೆ, ಅರ್ಥ ಆಯ್ತಾ ಅಂತ. 'ಯಾರಿಗೂ ಹೇಳಬೇಡ' ಅಂದಿದ್ದೀನಾ? ಇಷ್ಟು ವರ್ಷದಲ್ಲಿ ಒಂದು ಸಲ?"

ತಮ್ಮನ ಹುಬ್ಬು ಗಂಟಿಕ್ಕಿತು. ಅಷ್ಟು ದಿನ ಸಿಟ್ಟಿನ ಬಿಸಿಯಲ್ಲಿ ಅವನು ಈ ಮಾತನ್ನು ಯೋಚಿಸಿರಲಿಲ್ಲ.

"ಅದೂ ಅಲ್ಲದೆ," ಎಂದಳು, "ಪ್ರದರ್ಶನ ಕೆಡ್ತಿದ್ರೆ ನನಗೇನು? ಎಷ್ಟು ಕೆಟ್ಟಿತ್ತು ಅದು?"

"ಪರವಾನಗಿ ಪುಟ ತೆರೆಯೋಕೆ ಮೂರು ಸೆಕೆಂಡು ತಗೋತಿತ್ತು. ಮೂವತ್ತಾರರಲ್ಲಿ ಅದು ನಾಲ್ಕನೇ ಮೆಟ್ಟಿಲು. ನಿನ್ನ ಪಟ್ಟೀಲಿ ಎರಡನೇದು. ಹಾಕಿದ ತಕ್ಷಣ ಒಂದು ಸೆಕೆಂಡಿಗೆ ಬಂತು. ಅತಿಥಿಗಳು ಚಪ್ಪಾಳೆ ಹೊಡೆದ್ರು."

ಮೂರು ಸೆಕೆಂಡನ್ನು ಒಂದು ಮಾಡಲು ಒಬ್ಬಳ ಜೀವ. ಇಂಥ ಅಳತೆಯನ್ನು ಅಳತೆಯಮ್ಮ ಕಲಿತಿರಲೂ ಇಲ್ಲ, ಕಲಿಸಿರಲೂ ಇಲ್ಲ.

"ಅತ್ತಿಗೆ." ತಮ್ಮನ ಹೆಂಡತಿ ಎದುರು ಬಂದು ನಿಂತಿದ್ದಳು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಶಿಕ್ಷಕಿಯ ನಿಲುವಿನಲ್ಲಿ. "ನೀವು ಕಳಿಸಿಲ್ಲ ಅಂತಾನೇ ಇಟ್ಕೊಳ್ಳೋಣ. ಹತ್ತೂ ಇಪ್ಪತ್ತೆಂಟಕ್ಕೆ ನಿಮ್ಮ ಫೋನ್ ಎಲ್ಲಿತ್ತು?"

"ನಂದು? ನನ್ನ ಹತ್ರಾನೇ..." ಎಂದು ಶುರುಮಾಡಿದ ಅಳತೆಯಮ್ಮ ಅಲ್ಲಿಗೇ ನಿಂತಳು.

ಅವಳ ಹತ್ತಿರ ಇರಲಿಲ್ಲ.

ಅವತ್ತು ಬೆಳಿಗ್ಗೆ ಒಂಬತ್ತೂವರೆಗೆ ಕಣ್ಣಿನ ಆಸ್ಪತ್ರೆ. ಪೊರೆ ಎಷ್ಟು ಬಲಿತಿದೆ ನೋಡಲು ಹನಿ ಹಾಕಿ, ಕಣ್ಣು ಮುಚ್ಚಿ ಒಂದು ಗಂಟೆ ಕೂರಿಸಿದ್ದರು. ಲೋಕವೆಲ್ಲ ಬಿಳೀ ಹೊಗೆ. ಫೋನಿನ ಪರದೆ ಇರಲಿ, ಕೈಬೆರಳೂ ಕಾಣುತ್ತಿರಲಿಲ್ಲ. ಚೀಲವನ್ನೂ ಫೋನನ್ನೂ ಪಕ್ಕದ ಕುರ್ಚಿಯವರಿಗೆ ಕೊಟ್ಟಿದ್ದಳು. ಅವರು ತಾವೇ ಏರ್ಪಡಿಸಿದ್ದ, ಜೀವಮಾನದ ಪ್ರದರ್ಶನವನ್ನೇ ಬಿಟ್ಟು ಬಂದಿದ್ದರು. ಪ್ರದರ್ಶನವನ್ನು ಮೊಬೈಲಲ್ಲೇ ನೋಡ್ತೀನಿ, ನಿನ್ನ ಕಣ್ಣಿಗಿಂತ ಅದು ಹೆಚ್ಚಾ ಎಂದಿದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥ ಮಾತು ಕೇಳಿದ್ದೇ ಅಪರೂಪ. ಅವಳು ಸಂಜೆಯವರೆಗೂ ಆ ಮಾತಿಗೆ ಹಿಗ್ಗಿದ್ದಳು.

"ಅಕ್ಕಾ?" ಎಂದ ತಮ್ಮ. ಅವನ ದನಿಯಲ್ಲಿ ಮೊದಲ ಸಲ ಹೇಸಿಗೆ ಇರಲಿಲ್ಲ.

"ನಿನ್ನ ಭಾವನ ಕೈಲಿತ್ತು," ಎಂದಳು ಅಳತೆಯಮ್ಮ.

ಅವಳು ತನ್ನ ಫೋನಿನಲ್ಲಿ ಹುಡುಕಿದಳು, ಆ ದಿನದ ಮೆಸೇಜು ಅಲ್ಲೂ ಅಳಿಸಿಹೋಗಿತ್ತು. ಭಾವನಿಗೂ ತಮ್ಮನಿಗೂ ಮಾತು ನಿಂತು ಏಳು ವರ್ಷ. ಭಾವ ಹೇಳಿದ್ದರೆ ಇವನು ಲೋಟ ಎತ್ತಿ ಪಕ್ಕಕ್ಕೂ ಇಡುತ್ತಿರಲಿಲ್ಲ. ಅಕ್ಕ ಹೇಳಿದರೆ ಬಾವಿಗೂ ಹಾರುವವನು. ಅದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗುಬ್ಬಿ ಎಂಬ ಹೆಸರೂ ಮೂವತ್ತೈದು ವರ್ಷದಿಂದ ಕಿವಿಯ ಮೇಲೆ ಬೀಳುತ್ತಲೇ ಇತ್ತು.

ಅಳತೆಯಮ್ಮ ಅದೇ ಫೋನಿನಲ್ಲಿ ಗಂಡನ ನಂಬರು ಒತ್ತಿದಳು, ಸ್ಪೀಕರ್ ಹಾಕಿ ಮೇಜಿನ ಮೇ‌ಲಿಟ್ಟಳು.

"ಎಲ್ಲಿದ್ದೀಯ?" ಎಂದರು ಅವರು. "ಊಟ ಮಾಡಿದ್ಯಾ?"

"ರೀ, ಅವತ್ತು ಕಣ್ಣಾಸ್ಪತ್ರೆಯಲ್ಲಿ ನನ್ನ ಫೋನಿಂದ ಗುಬ್ಬಿಗೆ ಏನು ಬರೆದ್ರಿ?"

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಪಕ್ಕದಲ್ಲಿ ಯಾರಿದ್ದಾರೆ?"

"ಯಾರಿದ್ರೇನು? ಕೇಳಿದ್ದಕ್ಕೆ ಹೇಳಿ."

ಅವರು ನಿಟ್ಟುಸಿರು ಬಿಟ್ಟರು. ದನಿಯಲ್ಲಿ ಕೋಪವಿರಲಿಲ್ಲ. ದಡ್ಡ ವಿದ್ಯಾರ್ಥಿಗೆ ಎರಡನೆಯ ಸಲ ಪಾಠ ಹೇಳುವ ತಾಳ್ಮೆಯಿತ್ತು.

"ನೋಡು. ಪಟ್ಟಿ ನಿಂದು. ಫೋನು ನಿಂದು. ಒತ್ತಿದ ಬೆರಳು ನಿನ್ನ ತಮ್ಮಂದು. ಇದರಲ್ಲಿ ನಾನೆಲ್ಲಿದ್ದೀನಿ? ನಾಲ್ಕು ಗಂಟೆಗೆ ಹೋಗಿ ತೋರಿಸು, ನೋಡೋಣ."

ಫೋನ್ ಕಟ್ಟಾಯಿತು.

"ಪಟ್ಟಿ!" ಎಂದಳು ತಮ್ಮನ ಹೆಂಡತಿ ಪಿಸುದನಿಯಲ್ಲಿ. "ಅತ್ತಿಗೆ, ನೀವು ಪಟ್ಟಿ ಅನ್ನೋ ಮಾತೇ ಎತ್ತಲಿಲ್ಲ. ಏನು ಬರೆದ್ರಿ ಅಂತ ಅಷ್ಟೇ ಕೇಳಿದ್ದು. ಅವರ ಬಾಯಿಂದಲೇ ಬಂತು!"

"ಬಂತು. ಕೇಳಿದೋರು ಯಾರು? ಆರೋಪಿ, ಆರೋಪಿ ಹೆಂಡತಿ, ಆರೋಪಿ ಅಕ್ಕ. ನ್ಯಾಯಾಧೀಶರು ಕೂತ್ಕೊಳ್ಳಿ ಅಂತಲೂ ಅನ್ನಲ್ಲ."

ಅಳತೆಯಮ್ಮ ನೆಲದ ಮೇಲಿನ ಕಾಗದವನ್ನು ಎತ್ತಿ, ಒದ್ದೆಯಾದ ಕಡೆ ಸೆರಗಿನಿಂದ ಒತ್ತಿ ಮಡಿಸಿದಳು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

"ಏಳು, ಹೊರಡು. ಕಾಗದ ತೋರಿಸ್ತೀನಿ. ಮೆಸೇಜ್ ನನ್ನ ಫೋನಿಂದ ಹೋಗಿದ್ದು, ನನ್ನ ಫೋನ್ ಹಿಡಿದಿಟ್ಕೊಂಡು ತನಿಖೆ ಮಾಡಿ ಅಂತ ಕೇಳ್ತೀನಿ. ಆರೋಪಿ ಅಂತ ಮೊದಲು ನನ್ನ ಹೆಸರೇ ಬರೀಲಿ. ಬರೆದ ಮೇಲೆ ತನಿಖೆಯವರು ಆಸ್ಪತ್ರೆಗೆ ಹೋಗಲೇಬೇಕು, ಆ ಹೊತ್ತಲ್ಲಿ ನನ್ನ ಕಣ್ಣು ಕಾಣ್ತಿತ್ತಾ, ಫೋನ್ ಯಾರ ಕೈಲಿತ್ತು ಅಂತ ಡಾಕ್ಟರನ್ನ ಕೇಳಲೇಬೇಕು. ಬೇರೆ ದಾರಿ ಇಲ್ಲ."

ತಮ್ಮ ಏಳಲಿಲ್ಲ.

"ಅಕ್ಕಾ, ನಾಲ್ಕು ಗಂಟೆಗೆ ಹೋಗಿ ತೋರಿಸು ಅಂದಿದ್ದು ಭಾವ. ನಮಗೆ ಹೊಳೆಯೋಕೆ ಮುಂಚೆ ಅವರೇ ಅಂದಿದ್ದು."

"ಅದಕ್ಕೆ?"

"ನೀನಾಗೇ ಹೋಗಿ ನನ್ನ ಫೋನು, ನನ್ನ ಪಟ್ಟಿ ಅಂತ ಒಪ್ಕೊಳ್ಳಲಿ ಅಂತಾನೇ ಅವರು ಕಾಯ್ತಿದ್ರೆ?"

ಅಳತೆಯಮ್ಮನ ಕೈ ಬಾಗಿಲ ಚಿಲಕದ ಮೇಲೆ ನಿಂತಿತು. ಗೇಟಿನ ಹೊರಗೆ ಕೂತ ದರ್ಜಿಗೆ ಕೊಟ್ಟ ಮಾತು ನೆನೆದು ಅವಳು ಚಿಲಕ ಎಳೆದಳು.